ಪಾಪ, ಸೋಲು, ಸಂಕಟ: ಮೂರಕ್ಕೂ ಒಂದೇ ಮದ್ದಲ್ಲ

ಅಂಗಡಿ ಮುಚ್ಚಿದ ಮೇಲೆ ಬರುವ ಮೊದಲ ಭಾನುವಾರ ಬಹಳ ಕಷ್ಟದ್ದು. ಆರಾಧನೆ ಮುಗಿದು ಬಾಗಿಲು ದಾಟುವಷ್ಟರಲ್ಲಿ ಒಬ್ಬರು ಕೈ ಹಿಡಿದು, "ಬ್ರದರ್, ಜೀವಿತದಲ್ಲಿ ಏನಾದರೂ ಅಡಗಿದ ಪಾಪ ಇದೆಯಾ, ಪರೀಕ್ಷೆ ಮಾಡಿಕೊಳ್ಳಿ" ಅನ್ನುತ್ತಾರೆ. ಇನ್ನೊಬ್ಬರು, "ವಿಶ್ವಾಸ ಸಾಲದಾಯ್ತು, ಇನ್ನೂ ಪ್ರಾರ್ಥನೆ ಮಾಡಬೇಕಿತ್ತು" ಅನ್ನುತ್ತಾರೆ. ಮೂರನೆಯವರು ಬೆನ್ನು ತಟ್ಟಿ, "ಯೋಬನಿಗೆ ಎರಡರಷ್ಟು ಕೊಟ್ಟ ದೇವರು ನಿಮಗೂ ಕೊಡ್ತಾರೆ" ಎಂದು ಸ್ಕೂಟರ್ ಹತ್ತುತ್ತಾರೆ. ಏನಾಯಿತು ಎಂದು ಮೂವರೂ ಕೇಳಿರುವುದಿಲ್ಲ.

ಅವರ ಮನಸ್ಸೇನೂ ಕೆಟ್ಟದ್ದಲ್ಲ. ಸಮಸ್ಯೆ ಏನೆಂದರೆ, ವಿಶ್ವಾಸಿಯ ಬದುಕಿನಲ್ಲಿ ಏನು ಎಡವಟ್ಟಾದರೂ ನಮ್ಮ ಸಭೆಗಳಲ್ಲಿ ಒಂದೇ ಹೆಸರು, ಒಂದೇ ಔಷಧ. ತಪ್ಪು ಮಾಡಿ ಸಿಕ್ಕಿಬಿದ್ದವನಿಗೂ, ಪ್ರಾಮಾಣಿಕವಾಗಿ ದುಡಿದು ಕೈಸುಟ್ಟುಕೊಂಡವನಿಗೂ, ಕ್ಯಾನ್ಸರ್ ಬಂದವಳಿಗೂ "ದೇವರು ಪರಿಶೋಧಿಸ್ತಿದ್ದಾರೆ" ಎನ್ನುವ ಒಂದೇ ಮಾತು. ಇದರಿಂದ ಆಗುವ ನಷ್ಟ ಎರಡು ಬಗೆಯದು. ಪಶ್ಚಾತ್ತಾಪ ಪಡಬೇಕಾದವನು ತನ್ನನ್ನು ಸಂತ್ರಸ್ತ ಎಂದುಕೊಂಡು ಆರಾಮಾಗಿರುತ್ತಾನೆ. ಏನೂ ತಪ್ಪು ಮಾಡದವಳು ಇಲ್ಲದ ಪಾಪವನ್ನು ಹುಡುಕುತ್ತಾ ರಾತ್ರಿಯೆಲ್ಲ ಎದ್ದಿರುತ್ತಾಳೆ. ಕಷ್ಟದಲ್ಲಿ ಆತ್ಮಿಕವಾಗಿ ಬೆಳೆಯಬೇಕಾದರೆ ಬಂದದ್ದು ಯಾವ ಕಷ್ಟ ಎಂದು ಮೊದಲು ಬಿಡಿಸಿ ನೋಡಬೇಕು. ಅದನ್ನು ಮಾಡುವ ಕ್ರಮ ಮುಂದಿದೆ.

ಮೊದಲ ವಾರ: ಊಟ, ನಿದ್ದೆ

ಪೆಟ್ಟು ಬಿದ್ದ ವಾರವೇ ಮೂರು ದಿನದ ಉಪವಾಸ ಹಿಡಿಯುವವರು ನಮ್ಮಲ್ಲಿ ಬಹಳ ಮಂದಿ. ನನ್ನ ಸಲಹೆ ಉಲ್ಟಾ: ಆ ವಾರ ಉಪವಾಸ ಬೇಡ.

1 ಅರಸುಗಳು 19ನೆಯ ಅಧ್ಯಾಯ ತೆಗೆಯಿರಿ. ಕರ್ಮೆಲ್ ಬೆಟ್ಟದಲ್ಲಿ ಬಾಳನ ಪ್ರವಾದಿಗಳ ಎದುರು ಗೆದ್ದ ಪ್ರವಾದಿ ಎಲೀಯ, ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಬೇರ್ಷೆಬದ ತನಕ ಓಡುತ್ತಾನೆ. ಅಲ್ಲಿಂದಲೂ ಒಂದು ದಿನದ ದಾರಿ ಅಡವಿಯೊಳಗೆ ನಡೆದು, ಗಿಡವೊಂದರ ಕೆಳಗೆ ಕೂತು, ಸಾಕಾಯ್ತು, ನನ್ನ ಪ್ರಾಣ ತೆಗೆದುಬಿಡು ಎಂದು ದೇವರನ್ನು ಕೇಳುತ್ತಾನೆ. ಬಂದ ದೂತ ಉಪದೇಶ ಮಾಡಲಿಲ್ಲ, ಗದರಲೂ ಇಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಕುಡಿಯಲು ನೀರು. ಎಲೀಯ ತಿಂದು ಮತ್ತೆ ಮಲಗಿದ. ದೂತ ಇನ್ನೊಮ್ಮೆ ಎಬ್ಬಿಸಿ ಇನ್ನೊಮ್ಮೆ ತಿನ್ನಿಸಿದ. "ಇಲ್ಲಿ ಏನು ಮಾಡುತ್ತೀ?" ಎಂಬ ದೇವರ ಪ್ರಶ್ನೆ ಎದುರಾಗುವುದು ಆಮೇಲೆ, 40 ದಿನ ನಡೆದು ಹೋರೇಬ್ ಮುಟ್ಟಿದ ನಂತರ. ಯೇಸುವನ್ನು ಅರಿಯೆನೆಂದು ಮೂರು ಸಲ ಹೇಳಿದ ಶಿಷ್ಯ ಪೇತ್ರನ ವಿಷಯದಲ್ಲೂ ಹೀಗೇ. ಯೋಹಾನ 21ರಲ್ಲಿ ಯೇಸು ಸ್ವಾಮಿ ದಡದಲ್ಲಿ ಮೀನು ಸುಟ್ಟು, ರೊಟ್ಟಿ ಕೊಟ್ಟು, ಎಲ್ಲರ ಊಟವಾದ ಮೇಲೆ ಮಾತು ತೆಗೆದದ್ದು.

ಆದ್ದರಿಂದ ಮೊದಲ ವಾರ ಹೊತ್ತಿಗೆ ಸರಿಯಾಗಿ ಗಂಜಿಯಾದರೂ ಉಣ್ಣಿ. ದೊಡ್ಡ ನಿರ್ಧಾರ ಬೇಡ: ಮನೆ ಮಾರುವುದು, ಊರು ಬಿಡುವುದು, ಸಭೆ ಬದಲಾಯಿಸುವುದು, ಎಲ್ಲವೂ ಕಾಯಲಿ. ಪ್ರಾರ್ಥನೆ ಬರದಿದ್ದರೆ ಕರ್ತನ ಪ್ರಾರ್ಥನೆ ಒಂದು ಸಾಕು. ಎರಡು ವಾರವಾದರೂ ನಿದ್ದೆ ಬರುತ್ತಿಲ್ಲ, ಬದುಕುವುದೇ ಬೇಡ ಅನ್ನಿಸುತ್ತಿದೆ ಎಂದಾದರೆ ವೈದ್ಯರ ಬಳಿ ಹೋಗಿ. ಸಾಯುವ ಯೋಚನೆ ಬಂದರಂತೂ ಎರಡು ವಾರ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ನುಂಗುವುದು ಅವಿಶ್ವಾಸ ಎನ್ನುವವರ ಮಾತನ್ನು ಆ ಕಿವಿಯಲ್ಲಿ ಕೇಳಿ ಈ ಕಿವಿಯಲ್ಲಿ ಬಿಡಿ. ಅವರೂ ಬಿ.ಪಿ. ಮಾತ್ರೆ ತಗೊಳ್ಳುತ್ತಿರುತ್ತಾರೆ.

ಒಂದು ಹಾಳೆ, ಮೂರು ಸಾಲು

ತಲೆ ಸ್ವಲ್ಪ ತಿಳಿಯಾದ ಮೇಲೆ ಒಂದು ಹಾಳೆ ತೆಗೆದುಕೊಂಡು ಮೇಲಿನಿಂದ ಕೆಳಕ್ಕೆ ಎರಡು ಗೆರೆ ಎಳೆಯಿರಿ. ಮೂರು ಸಾಲುಗಳ ತಲೆಗೆ ಪಾಪ, ಸೋಲು, ಸಂಕಟ ಎಂದು ಬರೆಯಿರಿ. ತಿಳಿದೂ ತಿಳಿದೂ ಮಾಡಿದ ತಪ್ಪು ಮೊದಲನೆಯದಕ್ಕೆ. ಒಳ್ಳೆಯ ಮನಸ್ಸಿನಿಂದ ಮಾಡಿಯೂ ಅಂದಾಜು ತಪ್ಪಿದ್ದು, ಕೈಲಾಗದೆ ಹೋದದ್ದು ಎರಡನೆಯದಕ್ಕೆ. ನಿಮ್ಮ ಕೈವಾಡವೇ ಇಲ್ಲದೆ ಬಂದೆರಗಿದ್ದು ಮೂರನೆಯದಕ್ಕೆ.

ಬೇಕರಿ ಮುಚ್ಚಿದವನೊಬ್ಬನ ಹಾಳೆ ಹೀಗಿದ್ದೀತು. ಅಂಗಡಿ ಮುಂದಿನ ರಸ್ತೆಯನ್ನು ಒಳಚರಂಡಿಗೆಂದು ಅಗೆದು ಮಳೆಗಾಲವಿಡೀ ಹಾಗೇ ಬಿಟ್ಟರು, ಗಿರಾಕಿ ಬರಲಿಲ್ಲ. ಅದೇ ಹೊತ್ತಿಗೆ ಅಪ್ಪನಿಗೆ ಲಕ್ವ ಹೊಡೆಯಿತು. ಇವು ಸಂಕಟ. ಡಿಸೆಂಬರಿನ ಕೇಕ್ ವ್ಯಾಪಾರ ನೋಡಿ ವರ್ಷವೆಲ್ಲ ಹಾಗೇ ಇರುತ್ತದೆಂದು ಎರಡನೆಯ ಓವನ್ನಿಗೆ ಸಾಲ ಮಾಡಿದ್ದು ಸೋಲು. ಹೆಂಡತಿಯ ಬಳೆ ಅಡವಿಟ್ಟು ಅವಳಿಗೆ ಹೇಳದೆ ಇದ್ದದ್ದು, ಕೆಲಸದ ಹುಡುಗನ ಎರಡು ತಿಂಗಳ ಸಂಬಳ ಹಿಡಿದಿಟ್ಟು ಚೀಟಿ ಕಟ್ಟಿದ್ದು ಪಾಪ. ಒಂದೇ ಘಟನೆಯಲ್ಲಿ ಮೂರೂ ಇವೆ. ಹೆಚ್ಚಿನ ಘಟನೆಗಳೂ ಹೀಗೇ ಕಲಸುಮೇಲೋಗರ.

ಈ ವಿಂಗಡಣೆ ನನ್ನ ಕಲ್ಪನೆಯಲ್ಲ. ಪೇತ್ರನ ಮೊದಲ ಪತ್ರಿಕೆಯ 4ನೆಯ ಅಧ್ಯಾಯದಲ್ಲೇ ಇದೆ: ಕೊಲೆಗಾರನೋ ಕಳ್ಳನೋ ಆಗಿ ಬಾಧೆಪಡುವುದು ಬೇರೆ, ಕ್ರೈಸ್ತನಾದದ್ದಕ್ಕೆ ಬಾಧೆಪಡುವುದು ಬೇರೆ. ಸಿಲೊವಾಮಿನ ಬುರುಜು ಬಿದ್ದು 18 ಮಂದಿ ಸತ್ತಾಗ, ಅವರು ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳೇ ಎಂದು ಯೇಸು ಕೇಳಿ, ಇಲ್ಲ ಎಂದು ತಾನೇ ಉತ್ತರ ಕೊಟ್ಟದ್ದು ಲೂಕ 13ರಲ್ಲಿದೆ. ಹುಟ್ಟುಕುರುಡನನ್ನು ನೋಡಿ, ಪಾಪ ಇವನದೋ ಇವನ ತಂದೆತಾಯಿಗಳದೋ ಎಂದು ಕೇಳಿದ ಶಿಷ್ಯರಿಗೂ ಅದೇ ಉತ್ತರ ಸಿಕ್ಕಿತು. ಆದರೂ ಎರಡು ಸಾವಿರ ವರ್ಷಗಳಿಂದ ನಾವು ಅದೇ ಪ್ರಶ್ನೆ ಕೇಳುತ್ತಿದ್ದೇವೆ.

ಬರೆಯುವಾಗ ಒಂದು ಎಚ್ಚರ. ಸ್ವಭಾವಕ್ಕೆ ತಕ್ಕಂತೆ ಹಾಳೆ ವಾಲುತ್ತದೆ. ತನ್ನನ್ನೇ ಬೈದುಕೊಳ್ಳುವ ಜಾಯಮಾನದವರು ಎಲ್ಲವನ್ನೂ ಪಾಪದ ಸಾಲಿಗೆ ತಳ್ಳುತ್ತಾರೆ. ಉಳಿದವರು ಎಲ್ಲವನ್ನೂ ಸಂಕಟದ ಸಾಲಿಗೆ. ನಿಮ್ಮನ್ನು ಚೆನ್ನಾಗಿ ಬಲ್ಲ, ಮುಖಸ್ತುತಿ ಮಾಡದ ಒಬ್ಬರಿಗೆ ತೋರಿಸಿ. ಮನೆಯವರೇ ಆದರೆ ಇನ್ನೂ ಒಳ್ಳೆಯದು.

ಪಾಪದ ಸಾಲಿಗೆ: ಅರಿಕೆ ಮತ್ತು ಬಾಕಿ ತೀರಿಸುವುದು

51ನೆಯ ಕೀರ್ತನೆಯನ್ನು ನಿಧಾನವಾಗಿ, ಬಾಯಿಬಿಟ್ಟು ಓದಿ. ಪರರ ಹೆಂಡತಿ ಬತ್ಷೆಬೆಯನ್ನು ಕೂಡಿ ಪಾಪ ಮಾಡಿದ ಅರಸ ದಾವೀದ ಅಲ್ಲಿ ಆಕೆಯನ್ನಾಗಲಿ ಕಾಲವನ್ನಾಗಲಿ ದೂರುವುದಿಲ್ಲ. ಆಮೇಲೆ ನಿಮ್ಮ ಸಾಲಿನಲ್ಲಿರುವುದನ್ನು ಇದ್ದಹಾಗೇ ದೇವರಿಗೆ ಹೇಳಿ. "ನನ್ನ ಕುಂದುಕೊರತೆಗಳನ್ನು ಕ್ಷಮಿಸು" ಎಂಬ ಸಗಟು ಪ್ರಾರ್ಥನೆಯಲ್ಲಿ ಬಳೆಯ ವಿಷಯ ಬರುವುದೇ ಇಲ್ಲ. "ಬಳೆ ಅಡವಿಟ್ಟು ಸುಳ್ಳು ಹೇಳಿದೆ" ಎಂದೇ ಹೇಳಬೇಕು.

ದೇವರಿಗೆ ಹೇಳಿದ ಮೇಲೆ ಮನುಷ್ಯರಿಗೂ ಹೇಳಬೇಕು, ಆದರೆ ಯಾರಿಗೆ ಎನ್ನುವುದು ಮುಖ್ಯ. ಯೇಸು ಸೆರೆಯಾದ ರಾತ್ರಿ ಬಿದ್ದದ್ದು ಪೇತ್ರ ಒಬ್ಬನೇ ಅಲ್ಲ. ಯೇಸುವನ್ನು ಹಿಡಿದುಕೊಟ್ಟ ಯೂದನೂ ಪಶ್ಚಾತ್ತಾಪಪಟ್ಟ, ನಿರಪರಾಧಿಯ ರಕ್ತ ಒಪ್ಪಿಸಿ ಪಾಪ ಮಾಡಿದೆ ಎಂದು ಬಾಯಿಬಿಟ್ಟು ಹೇಳಿದ, 30 ಬೆಳ್ಳಿ ನಾಣ್ಯಗಳನ್ನು ಹಿಂದಕ್ಕೆ ತಂದ. ಆದರೆ ಹೇಳಿದ್ದು ಮಹಾಯಾಜಕರ ಹತ್ತಿರ. ಅದು ನಮಗೇನು, ನೀನೇ ನೋಡಿಕೋ ಎಂದರು ಅವರು. ಪೇತ್ರ ಬಿಕ್ಕಿಬಿಕ್ಕಿ ಅತ್ತ ಮೇಲೆ ಉಳಿದ ಶಿಷ್ಯರ ನಡುವೆಯೇ ಇದ್ದ. ಯೇಸು ಸತ್ತವರೊಳಗಿಂದ ಎದ್ದ ಮೇಲೆ ಅವನು ಸಿಕ್ಕಿದ್ದು ಅಲ್ಲೇ.

ಕಥೋಲಿಕರಿಗೆ ಪಾಪನಿವೇದನೆಯ ಸಂಸ್ಕಾರವಿದೆ, ಗುಟ್ಟು ಅಲ್ಲೇ ಉಳಿಯುತ್ತದೆ. ಪ್ರೊಟೆಸ್ಟೆಂಟರಿಗೆ ಯಾಕೋಬ 5:16ರ ಮಾತಿದೆ, ಒಬ್ಬರಿಗೊಬ್ಬರು ಅರಿಕೆಮಾಡಿಕೊಳ್ಳಿ ಎಂದು. ಪದ್ಧತಿ ಮಾತ್ರ ಸಡಿಲ. ಹಾಗಾಗಿ ಪ್ರಾಯದಲ್ಲೂ ವಿಶ್ವಾಸದಲ್ಲೂ ಮಾಗಿದ ಒಬ್ಬರನ್ನು ಹುಡುಕಿ. ಸಭೆಯ ವಾಟ್ಸಾಪ್ ಗುಂಪಿನಲ್ಲಿ ಪ್ರಾರ್ಥನಾ ವಿಜ್ಞಾಪನೆ ಎಂದು ಹಾಕಲೇಬೇಡಿ. "ಪ್ರಾರ್ಥನೆಗೋಸ್ಕರ ಹೇಳ್ತಿದ್ದೀನಿ" ಎಂದು ಶುರುವಾಗುವ ಮಾತು ಸಂಜೆಯೊಳಗೆ ಇಡೀ ಬಡಾವಣೆ ಸುತ್ತಿ ಬರುತ್ತದೆ.

ಕೊನೆಗೆ ಬಾಕಿ. ಸುಂಕದವನಾದ ಜಕ್ಕಾಯ ಕಣ್ಣೀರು ಹಾಕಿದನೆಂದು ಲೂಕ ಬರೆದಿಲ್ಲ. ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದನೆಂದು ಬರೆದಿದ್ದಾನೆ. ಬೇಕರಿಯವನು ಹುಡುಗನ ಸಂಬಳ ಕೊಡಬೇಕು. ಒಟ್ಟಿಗೆ ಆಗದಿದ್ದರೆ ತಿಂಗಳಿಗಿಷ್ಟು ಎಂದು ಬರೆದುಕೊಟ್ಟು ಕೊಡಬೇಕು. ಹಿಡಿದಿಟ್ಟ ಕೂಲಿಯೇ ಕೂಗುತ್ತದೆ ಎಂದು ಯಾಕೋಬನ 5ನೆಯ ಅಧ್ಯಾಯ ಹೇಳುತ್ತದೆ. ಆ ಕೂಗು ಇರುವಾಗ ನಮ್ಮ ಸ್ತುತಿಗೀತೆ ಎಷ್ಟು ಜೋರಾಗಿದ್ದರೇನು?

ಸೋಲಿನ ಸಾಲಿಗೆ: ಚಿಕ್ಕ ಕೆಲಸ, ಜೊತೆಗೊಬ್ಬ ಬಾರ್ನಬ

ಈ ಸಾಲಿನಲ್ಲಿ ಇರುವುದಕ್ಕೆ ಪಶ್ಚಾತ್ತಾಪ ಬೇಕಿಲ್ಲ. ಪಿ.ಯು.ಸಿ.ಯಲ್ಲಿ ಫೇಲಾದ ಮಗನನ್ನು ವೇದಿಕೆ ಮುಂದೆ ಮಂಡಿಯೂರಿಸುವುದು ಬೇಡ. ಅವನಿಗೆ ಬೇಕಿರುವುದು ಲೆಕ್ಕದ ಟ್ಯೂಷನ್.

ಸತ್ಯವೇದದಲ್ಲಿ ಈ ಸಾಲಿನ ಮನುಷ್ಯ ಮಾರ್ಕ. ಪೌಲ, ಬಾರ್ನಬರ ಮೊದಲ ಪ್ರಯಾಣದಲ್ಲಿ ಸಹಾಯಕನಾಗಿ ಹೋಗಿ, ಪಂಫುಲ್ಯದ ಪೆರ್ಗೆಯಲ್ಲಿ ಅವರನ್ನು ಬಿಟ್ಟು ಯೆರೂಸಲೇಮಿಗೆ ವಾಪಸಾದ. ಅಪೊಸ್ತಲರ ಕೃತ್ಯಗಳಲ್ಲಿ ಇದನ್ನು ಬರೆದ ಲೂಕ ಕಾರಣ ಕೊಡುವುದಿಲ್ಲ. ಜ್ವರವೋ ಭಯವೋ ಮನೆಯ ನೆನಪೋ ಎಂದು ಊಹಿಸುತ್ತಾ ಕೂರುವುದರಲ್ಲಿ ಅರ್ಥವಿಲ್ಲ. ಎರಡನೆಯ ಪ್ರಯಾಣಕ್ಕೆ ಅವನನ್ನು ಮತ್ತೆ ಕರೆದೊಯ್ಯೋಣ ಎಂದು ಬಾರ್ನಬ, ಬೇಡವೇ ಬೇಡ ಎಂದು ಪೌಲ. ಜಗಳ ಎಷ್ಟು ಬೆಳೆಯಿತೆಂದರೆ ಇಬ್ಬರೂ ಬೇರೆಬೇರೆ ದಾರಿ ಹಿಡಿದರು. ಬಾರ್ನಬ ಮಾರ್ಕನನ್ನು ಕರೆದುಕೊಂಡು ತನ್ನ ಹುಟ್ಟೂರಾದ ಕುಪ್ರದ್ವೀಪಕ್ಕೆ ಹೊರಟ. ಮುಂದೆ ಸೆರೆಯಲ್ಲಿದ್ದ ಪೌಲ ತಿಮೊಥೆಯನಿಗೆ ಬರೆಯುವ ಪತ್ರದಲ್ಲಿ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಸೇವೆಯಲ್ಲಿ ಉಪಯುಕ್ತ ಎಂಬ ಮಾತಿದೆ. ನಡುವಿನ ವರ್ಷಗಳಲ್ಲಿ ಮಾರ್ಕ ಏನು ಮಾಡಿದ ಎಂಬ ದೊಡ್ಡ ವರದಿ ಎಲ್ಲೂ ಇಲ್ಲ. ಅವನನ್ನು ನಂಬಿದ ಒಬ್ಬನ ಜೊತೆ, ಪರಿಚಯದ ಊರಿನಲ್ಲಿ, ಕೆಲಸ ಮಾಡುತ್ತಿದ್ದ ಅಷ್ಟೇ.

ಹೀಗೇ ನೀವೂ ಮಾಡಿ. ಏನು ಕಲಿತೆ ಎಂದು ಎರಡು ಮೂರು ವಾಕ್ಯ ಬರೆದಿಡಿ, ಉಪದೇಶದ ಧಾಟಿಯಲ್ಲಲ್ಲ, ಲೆಕ್ಕದ ಧಾಟಿಯಲ್ಲಿ. ನಿಮ್ಮ ಮೇಲೆ ಇನ್ನೂ ಭರವಸೆ ಇಟ್ಟಿರುವವರು ಯಾರು ನೋಡಿ, ಅವರ ಕೈಕೆಳಗೆ ಚಿಕ್ಕ ಕೆಲಸ ಹಿಡಿಯಿರಿ. ಸಭೆಯ ಸೇವೆಯಲ್ಲಿ ಸೋತವರಿಗೂ ಇದೇ ಮಾತು: ಗಾಯನ ತಂಡ ನಡೆಸಲು ಹೋಗಿ ಅದು ಒಡೆದುಹೋಯಿತೇ? ಕೆಲವು ಕಾಲ ಭಾನುವಾರ ಶಾಲೆಯ ಮಕ್ಕಳಿಗೆ ಹಾಡು ಕಲಿಸಿ. ಸಭೆಯ ಹಿರಿಯರಿಗೂ ಒಂದು ಮಾತು. ಪೌಲನಂಥವರು ನಮ್ಮಲ್ಲಿ ಸಾಕಷ್ಟಿದ್ದಾರೆ, ಬಾರ್ನಬರು ಕಮ್ಮಿ.

ಸಂಕಟದ ಸಾಲಿಗೆ: ದೂರು ಕೊಡುವುದು, ಕಾಯುವುದು

ಇದು ಎಲ್ಲಕ್ಕಿಂತ ಕಷ್ಟದ ಸಾಲು, ಏಕೆಂದರೆ ಮಾಡಲು ಏನೂ ಇಲ್ಲವೆಂದು ತೋರುತ್ತದೆ. ಮಾಡಲು ಒಂದು ಕೆಲಸವಿದೆ: ದೇವರ ಮುಂದೆಯೇ ದೇವರ ಮೇಲೆ ದೂರು ಕೊಡುವುದು. ಕೀರ್ತನೆಗಳ ಪುಸ್ತಕದ ದೊಡ್ಡ ಭಾಗ ಇಂಥ ದೂರುಗಳೇ. ನಾವು ಸ್ತುತಿಯ ಕೀರ್ತನೆಗಳನ್ನಷ್ಟೇ ಹಾಡಿಕೊಂಡು ಇವನ್ನು ಶವಸಂಸ್ಕಾರಕ್ಕೆ ಮೀಸಲಿಟ್ಟಿದ್ದೇವೆ.

13ನೆಯ ಕೀರ್ತನೆಯಿಂದ ಶುರುಮಾಡಿ, ಆರೇ ವಚನ. ಮೊದಲ ಎರಡು ವಚನಗಳಲ್ಲೇ "ಎಷ್ಟು ಕಾಲ" ಎಂದು ನಾಲ್ಕು ಸಲ ಕೇಳುತ್ತದೆ. ಅದರ ಜಾಡಿನಲ್ಲಿ ನಿಮ್ಮದೇ ಒಂದನ್ನು ಬರೆಯಿರಿ: ದೇವರನ್ನು ಹೆಸರು ಹಿಡಿದು ಕರೆಯಿರಿ, ಏನು ನೋಯುತ್ತಿದೆ ಹೇಳಿ, ಏನು ಬೇಕು ಕೇಳಿ. ಕೊನೆಯಲ್ಲಿ ಸ್ತುತಿ ಬಂದರೆ ಬರಲಿ, ಬರದಿದ್ದರೆ ಎಳೆದು ತರಬೇಡಿ. 88ನೆಯ ಕೀರ್ತನೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಅದನ್ನು ಯಾರೂ ಸತ್ಯವೇದದಿಂದ ತೆಗೆದುಹಾಕಿಲ್ಲ.

ಹೊಸ ವರ್ಷದ ರಾತ್ರಿ ಸಭೆಯಲ್ಲಿ ಸಿಕ್ಕಿದ ವಾಗ್ದಾನ ವಚನದ ಕಾರ್ಡು ಇದ್ದರೆ ಅದನ್ನೂ ತೆಗೆಯಿರಿ. ಬಹಳ ಮನೆಗಳಲ್ಲಿ ಅದು ಯೆರೆಮೀಯ 29:11, ನಿಮ್ಮ ಬಗ್ಗೆ ನನಗಿರುವ ಆಲೋಚನೆ ಹಿತದ್ದೇ ಹೊರತು ಅಹಿತದ್ದಲ್ಲ ಎನ್ನುವುದು. ಅದರ ಹಿಂದಿನ ವಚನ ಓದಿ. 70 ವರ್ಷ ಎಂದಿದೆ. ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರ ಅದು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ ಎಂದು ಮೊದಲೇ ಹೇಳಿದೆ. ಓದಿಸಿಕೊಂಡವರಲ್ಲಿ ಅನೇಕರು ಊರಿಗೆ ಮರಳುವ ದಿನ ನೋಡಲಾರರು. ಆ ವಾಗ್ದಾನ ಸುಳ್ಳಲ್ಲ, ಈ ವರ್ಷದೊಳಗೆ ಎಂದು ಅದರಲ್ಲಿಲ್ಲ. ಪೌಲನೂ ತನ್ನ ಶರೀರದ ಮುಳ್ಳಿಗಾಗಿ ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ, "ನನ್ನ ಕೃಪೆಯೇ ನಿನಗೆ ಸಾಕು" ಎಂಬ ಉತ್ತರ ಬಂತು.

ಕನ್ನಡ ಕ್ರೈಸ್ತರಿಗೆ ಸಂಬಂಧಪಟ್ಟ ಒಂದು ಸಂಕಟ ಇಲ್ಲಿ ಹೇಳಬೇಕು. 1812ರ ಮಾರ್ಚ್ 11ರ ಸಂಜೆ, ಬಂಗಾಳದ ಸೆರಾಂಪುರದಲ್ಲಿ ಮಿಷನರಿ ವಿಲಿಯಂ ಕೇರಿ ಮತ್ತು ಸಂಗಡಿಗರ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಕೇರಿ ಆಗ ಕಲ್ಕತ್ತೆಯಲ್ಲಿದ್ದರು. ಮರುದಿನ ಸಂಗಡಿಗ ಜೋಶುವ ಮಾರ್ಷ್‌ಮನ್ ಹೋಗಿ ಸುದ್ದಿ ಮುಟ್ಟಿಸಿದರು. ಕಾಗದದ ದಾಸ್ತಾನು, ಅಚ್ಚಿನ ಮೊಳೆಗಳು, ಸಂಸ್ಕೃತ ನಿಘಂಟಿನ ಹಸ್ತಪ್ರತಿ, ತೆಲುಗು ವ್ಯಾಕರಣ ಎಲ್ಲ ಹೋದವು. ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಹೋಯಿತು. ಮುಂದಿನ ಭಾನುವಾರ ಕೇರಿ 46ನೆಯ ಕೀರ್ತನೆಯ 10ನೆಯ ವಚನದ ಮೇಲೆ ಬೋಧಿಸಿದರು, ಸುಮ್ಮನಿದ್ದು ನಾನೇ ದೇವರೆಂದು ತಿಳಿಯಿರಿ ಎಂಬ ವಚನ. ಅವಶೇಷಗಳ ಅಡಿಯಲ್ಲಿ ಮೊಳೆ ಎರಕ ಹೊಯ್ಯುವ ಪಡಿಯಚ್ಚುಗಳು ಕೆಡದೆ ಸಿಕ್ಕಿದವು. ಕರಗಿದ ಲೋಹವನ್ನೇ ಮತ್ತೆ ಎರಕ ಹೊಯ್ದು ಕೆಲಸ ಶುರುಮಾಡಿದರು. 1817ರಲ್ಲಿ ಕೇರಿಯವರ ಕನ್ನಡ ವ್ಯಾಕರಣ ಅಲ್ಲಿಂದಲೇ ಅಚ್ಚಾಗಿ ಬಂತು.

ಸುದ್ದಿ ತಿಳಿದು ಇಂಗ್ಲೆಂಡಿನ ಸಭೆಗಳು ಹಣ ಕೂಡಿಸಿ ಕಳಿಸಿದ್ದರಿಂದ, "ಬೆಂಕಿ ಬಿದ್ದದ್ದೇ ಆಶೀರ್ವಾದವಾಯ್ತು" ಎಂದು ಈ ಕಥೆಯನ್ನು ಮುಗಿಸುವ ಬೋಧಕರುಂಟು. ನನಗೆ ಅದು ಒಪ್ಪಿಗೆಯಿಲ್ಲ. ಸುಟ್ಟ ಹಾಳೆ ಸುಟ್ಟದ್ದೇ. ಎರಡನೆಯ ಸಲ ನಡೆಯುವ ದಾರಿ ಮೊದಲ ಸಲಕ್ಕಿಂತ ಸುಲಭ ಎಂಬರ್ಥದ ಮಾತನ್ನು ಕೇರಿ ಬರೆದರು, ಅದಕ್ಕಿಂತ ದೊಡ್ಡ ವಿವರಣೆ ಕೊಡಲಿಲ್ಲ. ಅವರಿಗೆ ಅದು ಮೊದಲ ಪೆಟ್ಟೂ ಅಲ್ಲ. 1793ರಲ್ಲಿ ಬಂಗಾಳಕ್ಕೆ ಬಂದ ಮರುವರ್ಷವೇ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಹೆಂಡತಿ ಡೊರೊಥಿಯ ಮನಸ್ಸಿನ ಸ್ಥಿಮಿತ ತಪ್ಪಿತು, 1807ರಲ್ಲಿ ಸಾಯುವ ತನಕ ಆಕೆ ಚೇತರಿಸಿಕೊಳ್ಳಲಿಲ್ಲ. ಆ ಸಂಕಟಕ್ಕೆ ಯಾವ ಸಿಹಿ ಮುಕ್ತಾಯವೂ ಇಲ್ಲ, ಕೊಡಲು ಹೋಗುವುದು ಡೊರೊಥಿಗೆ ಅನ್ಯಾಯ.

ಈ ಸಾಲಿನಲ್ಲೇ ಇನ್ನೊಂದು ಎಚ್ಚರ, ಇದನ್ನು ದಾಟಿ ಹೋಗಬೇಡಿ. ಗಂಡ ಹೊಡೆಯುವುದು, ಧಣಿ ದುಡಿಸಿಕೊಂಡು ಕೂಲಿ ಕೊಡದಿರುವುದು ಹೊತ್ತುಕೊಳ್ಳಬೇಕಾದ ಶಿಲುಬೆಯಲ್ಲ. ಚಾವಟಿಯಿಂದ ಹೊಡೆಯಲು ಕಟ್ಟಿಹಾಕಿದಾಗ ಪೌಲ, ರೋಮಾಪುರದ ಹಕ್ಕುಳ್ಳವನನ್ನು ವಿಚಾರಣೆಯಿಲ್ಲದೆ ಹೊಡೆಯುವುದು ನ್ಯಾಯವೋ ಎಂದು ಶತಾಧಿಪತಿಯನ್ನು ಕೇಳಿ ಪಾರಾದ; ಅಪೊಸ್ತಲರ ಕೃತ್ಯಗಳು 22 ನೋಡಿ. ಮನೆಯಲ್ಲಿ ಹಿಂಸೆಯಾಗುತ್ತಿದ್ದರೆ 181 ಮಹಿಳಾ ಸಹಾಯವಾಣಿಗೆ ಕರೆ ಮಾಡಿ, ಸುರಕ್ಷಿತ ಜಾಗ ಸೇರಿ. ತಾಳ್ಮೆಯ ಪ್ರಸಂಗ ಆಮೇಲೆ ಕೇಳಬಹುದು.

ಸಾಕ್ಷಿಗೆ ಆತುರ ಬೇಡ

ಸ್ವಲ್ಪ ಚೇತರಿಸಿಕೊಂಡ ಕೂಡಲೇ ಯಾರಾದರೂ ಮೈಕು ಕೊಡುತ್ತಾರೆ, "ಸಾಕ್ಷಿ ಹೇಳಿ ಸಿಸ್ಟರ್." ನಯವಾಗಿ ಬೇಡವೆನ್ನಿ. ಸಭೆ ಎದುರು ಹೇಳುವಾಗ ಕಥೆ ತಾನಾಗಿ ಚಂದವಾಗುತ್ತದೆ, ಕತ್ತಲೆ ಕಮ್ಮಿಯಾಗುತ್ತದೆ, ಕೊನೆಗೆ ಜಯ ಸೇರಿಕೊಳ್ಳುತ್ತದೆ. ನಾಲ್ಕು ಸಲ ಹೇಳಿದರೆ ನಿಜವಾಗಿ ಏನು ನಡೆಯಿತೆಂದು ನಿಮಗೇ ಮರೆತುಹೋಗುತ್ತದೆ.

ಬೆಳೆದಿದ್ದೇನೆಯೇ ಎಂದು ದಿನಾ ಅಳೆಯುವುದೂ ಬೇಡ. ಆರು ತಿಂಗಳಿಗೊಮ್ಮೆ ಹಳೆಯ ಹಾಳೆ ತೆಗೆದು ನೋಡಿದರೆ ಸಾಕು. ಹುಡುಗನ ಸಂಬಳದ ಬಾಕಿ ಎಷ್ಟು ಉಳಿಯಿತು? ಪ್ರಾರ್ಥನೆಯಲ್ಲಿ ದೊಡ್ಡ ದೊಡ್ಡ ಮಾತು ಕಮ್ಮಿಯಾಗಿದೆಯೇ? ಬೇರೆಯವರ ಕಷ್ಟ ಕೇಳಿದಾಗ ಬಾಯಿಗೆ ಮೊದಲು ಸಲಹೆ ಬರುತ್ತದೋ ಪ್ರಶ್ನೆ ಬರುತ್ತದೋ?

ಈ ಕೊನೆಯದೇ ಒಳ್ಳೆಯ ಪರೀಕ್ಷೆ. ನಮಗೆ ಸಿಕ್ಕಿದ ಸಂತೈಸುವಿಕೆಯಿಂದಲೇ ಇನ್ನೊಬ್ಬರನ್ನು ಸಂತೈಸಲು ಶಕ್ತರಾಗುತ್ತೇವೆ ಎಂದು ಪೌಲ ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಆರಂಭದಲ್ಲೇ ಹೇಳುತ್ತಾನೆ. ಆಸ್ತಿ, ಮಕ್ಕಳು, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಅವನ ಪಕ್ಕ ನೆಲದಲ್ಲಿ ಸುಮ್ಮನೆ ಕೂತಿದ್ದಾಗ ಸರಿಯಾಗಿಯೇ ಇದ್ದರು, ಬಾಯಿ ತೆರೆದ ಮೇಲೆ ಕೆಟ್ಟದ್ದು. ಕೊನೆಯ ಅಧ್ಯಾಯದಲ್ಲಿ ದೇವರ ಕೋಪ ತಿರುಗುವುದೂ ಅವರ ಮೇಲೆಯೇ.

ಹಾಗಾಗಿ ಮುಂದಿನ ಸಲ ಸಭೆಯಲ್ಲಿ ಯಾರದಾದರೂ ಅಂಗಡಿ ಮುಚ್ಚಿದಾಗ, ಯಾರಿಗಾದರೂ ರಿಪೋರ್ಟ್ ಕೆಟ್ಟದಾಗಿ ಬಂದಾಗ, ಮನೆಗೆ ಹೋಗಿ. ಕೈಯಲ್ಲಿ ಒಂದು ಡಬ್ಬಿ ಸಾರು, ಅನ್ನ ಇರಲಿ. ಏನಾಯಿತು ಎಂದು ಕೇಳಿ, ಹೇಳಿದರೆ ಪೂರ್ತಿ ಕೇಳಿಸಿಕೊಳ್ಳಿ, ಹೇಳದಿದ್ದರೆ ಬಲವಂತ ಬೇಡ. ವಚನ ಓದಲೇಬೇಕೆಂದಿದ್ದರೆ ಚಿಕ್ಕದೊಂದು ಕೀರ್ತನೆ ಓದಿ, ಅದರ ಮೇಲೆ ಪ್ರಸಂಗ ಬೇಡ. ಹೊರಡುವ ಮುಂಚೆ, ನಾಳೆ ಬ್ಯಾಂಕಿಗೋ ಆಸ್ಪತ್ರೆಗೋ ಜೊತೆಗೆ ಯಾರು ಹೋಗುತ್ತಿದ್ದಾರೆ ಎಂದು ವಿಚಾರಿಸಿ. ಯಾರೂ ಇಲ್ಲವೆಂದರೆ ಬೆಳಿಗ್ಗೆ ಎಷ್ಟು ಗಂಟೆಗೆ ಬರಬೇಕೆಂದು ಕೇಳಿಕೊಂಡು ಬನ್ನಿ.